ವಂಕಿಯ ದಾರ ಕೈಗೆ ಸಿಗದಿದ್ದರೆ?

ವಂಕಿ, ಅಂದರೆ ಕಾಪರ್-ಟಿ ಹಾಕಿಸಿಕೊಂಡ ಮಹಿಳೆಗೆ ತಿಂಗಳಿಗೊಮ್ಮೆ ಮುಟ್ಟಿನ ಸ್ರಾವ ಮುಗಿದ ಮೇಲೆ ದಾರವನ್ನು ಮುಟ್ಟಿ ನೋಡಿಕೊಳ್ಳುವಂತೆ ಹೇಳಿರುತ್ತಾರೆ. ಕೆಲವು ತಿಂಗಳು ಸಿಕ್ಕ ದಾರ ಒಂದು ದಿನ ಸಿಗುವುದಿಲ್ಲ. ಕೂಡಲೇ ಗಾಬರಿ. ವಂಕಿ ಹೊಟ್ಟೆಗೆ ಸೇರಿತೇ? ಎದೆಗೆ ಏರಿತೇ?

ವಂಕಿ ಎದೆಗೆ ಏರುವುದಿಲ್ಲ. 1965ರಲ್ಲಿ ಲೂಪ್ ನಮ್ಮ ಕುಟುಂಬ ಯೋಜನೆಗೆ ಬಂದ ಕಾಲದಿಂದಲೂ ಇಂತಹ ಸುದ್ದಿಗಳು ಓಡಾಡುತ್ತಿವೆ. ಅವುಗಳಿಗೆ ಕಿವಿಗೊಡಬೇಡಿ. ಆದರೆ ದಾರ ಸಿಗದಿರುವುದನ್ನು ಅಲಕ್ಷ್ಯ ಮಾಡುವುದೂ ಸರಿಯಲ್ಲ.

ಮೊದಲು ಸರಿಯಾಗಿ ಹುಡುಕಿದ್ದೀರಾ ನೋಡಿ. ಕೈ ತೊಳೆದು, ಕುಕ್ಕರುಗಾಲಿನಲ್ಲಿ ಕುಳಿತು, ನಡುಬೆರಳನ್ನು ಯೋನಿಯೊಳಗೆ ಸಾಧ್ಯವಾದಷ್ಟು ಹಿಂದಕ್ಕೆ ತೂರಿಸಿ. ಮೂಗಿನ ತುದಿಯಂತೆ ಗಟ್ಟಿಯಾಗಿ ತಾಗುವುದೇ ಗರ್ಭಕಂಠ. ಅದರ ಬಾಯಿಯಿಂದ ತೆಳುವಾದ ಎಳೆ ಇಳಿದಿರಬೇಕು. ಸಿಕ್ಕರೆ ಎಳೆಯಬೇಡಿ. ಎಳೆಯ ಬದಲು ಗಟ್ಟಿ ಪ್ಲಾಸ್ಟಿಕ್ ತುದಿ ತಾಗಿದರೆ ವಂಕಿ ಅರ್ಧ ಜಾರಿದೆ ಎಂದರ್ಥ. ಅದು ಗರ್ಭ ತಡೆಯುತ್ತದೆಂದು ನಂಬುವಂತಿಲ್ಲ.

ಏನೂ ಸಿಗದಿದ್ದರೆ ಅಂದಿನಿಂದಲೇ ನಿರೋಧ್ ಬಳಸಿ, ಬೇಗ ವೈದ್ಯರ ಬಳಿ ಹೋಗಿ. ಇತ್ತೀಚೆಗೆ ಕೂಡಿದ್ದು, ಇನ್ನೂ ಮೂರು ದಿನ ಕಳೆದಿಲ್ಲವಾದರೆ ತುರ್ತು ಗರ್ಭನಿರೋಧಕ ಮಾತ್ರೆ ಬೇಕೇ ಎಂದೂ ಕೇಳಿ.

ಹೆಚ್ಚಿನವರಲ್ಲಿ ವಂಕಿ ತನ್ನ ಜಾಗದಲ್ಲೇ ಇರುತ್ತದೆ. ದಾರ ಮಾತ್ರ ಸುರುಳಿಯಾಗಿ ಗರ್ಭಕಂಠದೊಳಗೆ ಸೇರಿಕೊಂಡಿರುತ್ತದೆ. ಹೆರಿಗೆಯಾದ ಕೂಡಲೇ, ಇಲ್ಲವೇ ಸಿಸೇರಿಯನ್ ವೇಳೆ ವಂಕಿ ಹಾಕಿಸಿಕೊಂಡವರಲ್ಲಿ ಇದು ತೀರಾ ಸಾಮಾನ್ಯ. ಆಗ ಗರ್ಭಕೋಶ ದೊಡ್ಡದಾಗಿರುವುದರಿಂದ ದಾರ ಕೆಳಗಿಳಿಯಲು ಕೆಲವು ವಾರ ಬೇಕು. ಕೆಲವರಲ್ಲಿ ಇಳಿಯುವುದೇ ಇಲ್ಲ.

ವೈದ್ಯರು ಮೊದಲು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಇದಕ್ಕೆ ಬೇಸರಿಸಬೇಡಿ. ಗರ್ಭ ನಿಂತು ಗರ್ಭಕೋಶ ಬೆಳೆದಾಗಲೂ ದಾರ ಮೇಲಕ್ಕೆ ಸರಿಯುತ್ತದೆ. ವಂಕಿ ಇದ್ದೂ ನಿಂತ ಗರ್ಭ ಕೆಲವೊಮ್ಮೆ ಗರ್ಭನಾಳದಲ್ಲಿ ನಿಂತಿರಬಹುದು, ಅದು ಜೀವಕ್ಕೇ ಅಪಾಯ. ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ನೋವು, ತಲೆಸುತ್ತು, ಅಕಾಲ ಸ್ರಾವ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಗರ್ಭವಿಲ್ಲವೆಂದಾದರೆ ಗರ್ಭಕಂಠದೊಳಗೆ ಸಣ್ಣ ಬ್ರಷ್ ಅಥವಾ ಇಕ್ಕಳದಿಂದ ದಾರಕ್ಕಾಗಿ ಹುಡುಕುತ್ತಾರೆ. ಎಷ್ಟೋ ಸಲ ಅಲ್ಲಿಯೇ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನ್. ವಂಕಿ ಸರಿಯಾದ ಜಾಗದಲ್ಲಿದ್ದು, ತೊಂದರೆಯಿಲ್ಲದೆ, ಅವಧಿಯೂ ಉಳಿದಿದ್ದರೆ ಅದನ್ನು ತೆಗೆಯಬೇಕಿಲ್ಲ. ಗರ್ಭ ತಡೆಯುವುದು ತಾಮ್ರ, ದಾರವಲ್ಲ.

ಸ್ಕ್ಯಾನಿನಲ್ಲಿ ಕಾಣದಿದ್ದರೆ? ಇಲ್ಲಿಯೇ ಎಡವುವುದು. 'ಎಲ್ಲೋ ಬಿದ್ದುಹೋಗಿರಬೇಕು' ಎಂದು ಹೊಸದೊಂದನ್ನು ಹಾಕಿಸಿಕೊಂಡು ಬರುವವರಿದ್ದಾರೆ. ಬಿದ್ದುಹೋಗಿರಬಹುದು, ನಿಜ. ಮೊದಲ ಕೆಲವು ತಿಂಗಳಲ್ಲಿ, ಅದರಲ್ಲೂ ಮುಟ್ಟಿನ ದಿನಗಳಲ್ಲಿ, ಅರಿವಿಗೇ ಬಾರದೆ ವಂಕಿ ಜಾರಿಹೋಗುವುದುಂಟು. ಆದರೆ ಬಿದ್ದದ್ದನ್ನು ಕಣ್ಣಾರೆ ನೋಡಿರದಿದ್ದರೆ ಹೊಟ್ಟೆಯ ಎಕ್ಸ್-ರೇ ಆಗಲೇಬೇಕು. ವಂಕಿಯ ಪ್ಲಾಸ್ಟಿಕ್‌ಗೆ ಬೇರಿಯಂ ಬೆರೆಸಿರುವುದು ಇದಕ್ಕೇ: ಹೊಟ್ಟೆಯಲ್ಲಿ ಎಲ್ಲಿದ್ದರೂ ಬೆಳ್ಳಗೆ ಕಾಣುತ್ತದೆ. ಹಾಕಿಸಿಕೊಂಡ ಸಾವಿರ ಮಂದಿಯಲ್ಲಿ ಒಬ್ಬಿಬ್ಬರಲ್ಲಿ ಅದು ಗರ್ಭಕೋಶದ ಗೋಡೆಯನ್ನು ತೂರಿ ಹೊರಗೆ ಹೋಗಿರುತ್ತದೆ. ಹಾಗಿದ್ದರೆ ನೋವಿಲ್ಲದಿದ್ದರೂ ತೆಗೆಸುವುದೇ ಲೇಸು; ತಾಮ್ರದ ಸುತ್ತ ಕರುಳು ಅಂಟಿಕೊಳ್ಳಬಹುದು. ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಲ್ಲೇ ಕೆಲಸ ಮುಗಿಯುತ್ತದೆ.

ಗರ್ಭ ನಿಂತಿದ್ದು ಅದು ಗರ್ಭಕೋಶದೊಳಗೇ ಇದ್ದರೆ, ದಾರ ಕಾಣದ ವಂಕಿಯನ್ನು ಕೆದಕಿ ಹುಡುಕುವುದಿಲ್ಲ. ಗರ್ಭಪಾತ, ಸೋಂಕು, ಅವಧಿಗೆ ಮುನ್ನ ಹೆರಿಗೆಯ ಸಂಭವ ಹೆಚ್ಚಿರುವುದರಿಂದ ತಪ್ಪದೆ ತಪಾಸಣೆಗೆ ಹೋಗಬೇಕು. ಜ್ವರ ಅಥವಾ ದುರ್ವಾಸನೆಯ ಸ್ರಾವ ಕಂಡರೆ ಕಾಯಬಾರದು. ಹೆರಿಗೆಯಲ್ಲಿ ವಂಕಿ ಹೊರಬಂತೇ ಎಂದು ಕೇಳಿ ತಿಳಿದುಕೊಳ್ಳಿ.

ಅವಧಿ ಮುಗಿದಿದ್ದರೆ ಅಥವಾ ಮಗು ಬೇಕೆನಿಸಿದರೆ ದಾರವಿಲ್ಲದೆಯೂ ತೆಗೆಯಬಹುದು. ತೆಳು ಇಕ್ಕಳ, ಕೊಕ್ಕೆ ಇವೆ. ಆಗದಿದ್ದರೆ ಹಿಸ್ಟರೋಸ್ಕೋಪಿನಿಂದ ಒಳಗೆ ನೋಡುತ್ತಲೇ ತೆಗೆಯುತ್ತಾರೆ. ಮನೆಯಲ್ಲಿ ಯಾರಿಂದಲೂ ಈ ಸಾಹಸ ಮಾಡಿಸಬೇಡಿ.

ಆಸ್ಪತ್ರೆಗೆ ಹೋಗುವಾಗ ವಂಕಿ ಹಾಕಿದಾಗ ಕೊಟ್ಟ ಚೀಟಿ ತೆಗೆದುಕೊಂಡು ಹೋಗಿ. 380ಎ ಆದರೆ ಹತ್ತು ವರ್ಷ, 375 ಆದರೆ ಐದು ವರ್ಷ ಎಂಬ ಲೆಕ್ಕ ಆ ಚೀಟಿಯಲ್ಲಿದೆ. ಚೀಟಿ ಕಳೆದಿದ್ದರೆ ಹಾಕಿಸಿದ ತಿಂಗಳು, ವರ್ಷವನ್ನು ನೆನಪು ಮಾಡಿಕೊಂಡು ಬರೆದುಕೊಂಡು ಹೋಗಿ.