ತೋಳನ ಹೆಸರಿನ ವ್ಯಾಧಿ

ಲ್ಯಾಟಿನ್ ಭಾಷೆಯಲ್ಲಿ 'ಲೂಪಸ್' ಎಂದರೆ ತೋಳ. ತೋಳ ಕಚ್ಚಿದಂತೆ ಮುಖವನ್ನು ಕೆಡಿಸುವ ಹುಣ್ಣುಗಳಿಗೆ ಯುರೋಪಿನ ಹಳೆಯ ವೈದ್ಯರು ಇಟ್ಟ ಹೆಸರಿದು. ಈ ವ್ಯಾಧಿ ಚರ್ಮದಲ್ಲಿಯೇ ನಿಲ್ಲದೆ ಒಳಗಿನ ಅಂಗಗಳನ್ನೂ ಹಿಡಿಯುವುದೆಂದು 1872ರಲ್ಲಿ ವಿಯೆನ್ನಾದ ಕಪೋಸಿ ವಿವರಿಸಿದನು. ದೇಹದ ರಕ್ಷಣೆಗೆಂದು ಹುಟ್ಟಿದ ಪ್ರತಿಕಾಯಗಳು ದೇಹದ ಜೀವಕೋಶಗಳ ಮೇಲೆಯೇ ತಿರುಗಿಬೀಳುವುದು ಇದರ ಮೂಲ. ಇದು ಅಂಟುರೋಗವಲ್ಲ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಬಹುಮಟ್ಟಿಗೆ 15ರಿಂದ 45ರ ವಯಸ್ಸಿನವರು. ನಮ್ಮ ಕಾಲೇಜಿನ ವಿದ್ಯಾರ್ಥಿನಿಯರೆಲ್ಲರೂ ಈ ವಯಸ್ಸಿನೊಳಗೇ ಬರುತ್ತಾರೆ. ಅರ್ಥಶಾಸ್ತ್ರ ಓದುವ ನಾನು ವೈದ್ಯರ ವಿಷಯಕ್ಕೆ ಕೈಹಾಕಿದ್ದು ಇದಕ್ಕಾಗಿಯೇ.

ಗ್ರಂಥಗಳು ಮೊದಲು ಹೇಳುವುದು ಚಿಟ್ಟೆಯಾಕಾರದ ಕೆಂಪು ಗುರುತನ್ನು. ಮೂಗಿನ ಮೇಲಿಂದ ಎರಡು ಕೆನ್ನೆಗಳಿಗೂ ಅದು ರೆಕ್ಕೆ ಚಾಚುತ್ತದೆ. ಆದರೆ ನಮ್ಮ ಮೈಬಣ್ಣದಲ್ಲಿ ಅದು ಕಪ್ಪಾಗಿಯೋ ನೇರಳೆಯಾಗಿಯೋ ಕಾಣಬಹುದು. ಶ್ರವಣಬೆಳಗೊಳದ ಪಕ್ಕದ ನಮ್ಮ ಜಿನನಾಥಪುರದಲ್ಲಿ ಹೆಂಗಸರ ಕೆನ್ನೆ ಕಪ್ಪಿಟ್ಟರೆ "ಬಂಗು ಕಣವ್ವ" ಎಂದು ಅರಿಸಿನ ಹಚ್ಚಿ ಸುಮ್ಮನಾಗುತ್ತಾರೆ. ಬಹುಪಾಲು ಅದು ಬಂಗೇ ಹೌದು. ಆದರೆ ಮೂಗಿನ ಪಕ್ಕದಿಂದ ತುಟಿಯಂಚಿಗೆ ಇಳಿಯುವ ಮಡಿಕೆಯನ್ನು ಬಿಟ್ಟು ಗುರುತು ಹರಡಿದ್ದರೆ, ಬಿಸಿಲಿನಲ್ಲಿ ರಾಗಿಹೊಲದ ಕಳೆ ತೆಗೆದು ಬಂದ ಮೇಲೆ ಅದು ಹೆಚ್ಚಾದರೆ, ಜೊತೆಗೆ ಜ್ವರವೂ ಸುಸ್ತೂ ಇದ್ದರೆ, ಬಂಗೆಂದು ಕೂರತಕ್ಕದ್ದಲ್ಲ.

ಇನ್ನು ಕೀಲುಗಳು. ಬೆಳಗ್ಗೆ ಎದ್ದಾಗ ಎರಡೂ ಕೈಗಳ ಬೆರಳುಗಳು ಬಿಗಿದು ನೋಯುತ್ತವೆ. 2006ರ ಚಿಕುನ್‌ಗುನ್ಯಾ ಕಂಡ ನಮ್ಮ ಜನ ಇದನ್ನೂ ಅದರ ಲೆಕ್ಕಕ್ಕೇ ಸೇರಿಸಿಬಿಡಬಹುದು. ಕೂದಲುದುರುವುದು, ಬಾಯಲ್ಲಿ ಅನೇಕ ವೇಳೆ ನೋವೇ ಇಲ್ಲದ ಹುಣ್ಣು, ಉಸಿರೆಳೆದರೆ ಎದೆ ಚುಚ್ಚುವುದು, ರಕ್ತಹೀನತೆ: ಒಂದೊಂದಕ್ಕೆ ಒಬ್ಬೊಬ್ಬ ವೈದ್ಯರ ಬಳಿ ಹೋದರೆ ಕೂಡಿಸಿ ನೋಡುವವರು ಯಾರು?

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಭಯಂಕರವಾದುದು ಮೂತ್ರಪಿಂಡದ ಊತ, ಏಕೆಂದರೆ ಅದು ನೋಯುವುದೇ ಇಲ್ಲ. ಮೂತ್ರ ನೊರೆಗಟ್ಟಿ, ಪಾದವೂ ಕಣ್ಣಿನ ಸುತ್ತಲೂ ಊದಿಕೊಳ್ಳುವ ವೇಳೆಗೆ ಹಾನಿ ಬಹಳ ಮುಂದುವರಿದಿರಬಹುದು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ನೋಡುವ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ, ಖರ್ಚೂ ಅಲ್ಪ.

1948ರಲ್ಲಿ ಅಮೆರಿಕದ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ಈ ರೋಗಿಗಳ ಅಸ್ಥಿಮಜ್ಜೆಯಲ್ಲಿ ಒಂದು ವಿಚಿತ್ರ ಜೀವಕೋಶವನ್ನು ಕಂಡರು. ಈಗ ಅದರ ಬದಲಿಗೆ 'ಎ.ಎನ್.ಎ.' ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಆರೋಗ್ಯವಂತರಲ್ಲಿಯೂ ಕೆಲವರಿಗೆ ಇದು ಪಾಸಿಟಿವ್ ಬರುವುದುಂಟು. ಆದುದರಿಂದ ಲಕ್ಷಣಗಳಿಲ್ಲದೆ ಕೇವಲ ಕಾಗದ ನೋಡಿ ಹೆದರಬೇಕಾಗಿಲ್ಲ. ಚಿಕಿತ್ಸೆಯಲ್ಲಿ ಮುಖ್ಯವಾದುದು ಹಿಂದೆ ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್. ಹಾಯೆನಿಸಿತೆಂದು ಅದನ್ನು ತಾವಾಗಿ ನಿಲ್ಲಿಸಿದವರಲ್ಲಿ ರೋಗ ಮತ್ತೆ ಕೆರಳುವುದುಂಟು; ವರ್ಷಗಟ್ಟಲೆ ಸೇವಿಸುವವರು ಕಣ್ಣಿನ ಪರೀಕ್ಷೆಯನ್ನೂ ಮಾಡಿಸುತ್ತಿರಬೇಕು.