ಚಿತ್ತವಿಕಲತೆ: ಔಷಧಚೀಟಿಯನ್ನು ಅರಿತು ನಡೆಯೋಣ

ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುವುದು, ಆಧಾರವಿಲ್ಲದ ಸಂಶಯ, ಅಸಂಬದ್ಧ ಮಾತು, ಜನರಿಂದ ದೂರ ಸರಿಯುವಿಕೆ – ಇವು ಚಿತ್ತವಿಕಲತೆಯ, ಅಂದರೆ ಸ್ಕಿಜೋಫ್ರೇನಿಯಾದ ಮುಖ್ಯ ಲಕ್ಷಣಗಳು. ಇದು ಯಾರ ಶಾಪವೂ ಅಲ್ಲ, ಹೆತ್ತವರ ತಪ್ಪೂ ಅಲ್ಲ; ಚಿಕಿತ್ಸೆಯುಳ್ಳ ಕಾಯಿಲೆ. ಬಹುಪಾಲು ರೋಗಿಗಳು ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸುತ್ತಾರೆ. ಆದುದರಿಂದ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಅರಿಯುವ ಹೊಣೆ ಮನೆಯವರಾದ ನಮ್ಮದೂ ಆಗಿದೆ.

1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಬಳಸಿದಂದಿನಿಂದ ಈ ಚಿಕಿತ್ಸೆಯ ಹೊಸ ಯುಗ ಆರಂಭವಾಯಿತು. ಇಂದು ರಿಸ್ಪೆರಿಡೋನ್, ಒಲಾಂಜಪೀನ್, ಹ್ಯಾಲೊಪೆರಿಡಾಲ್ ಮೊದಲಾದವು ಬಳಕೆಯಲ್ಲಿವೆ. ಇವುಗಳಲ್ಲಿ ಒಂದನ್ನೇ ತಕ್ಕ ಪ್ರಮಾಣದಲ್ಲಿ ಕೆಲವು ವಾರ ಕೊಟ್ಟು ನೋಡುವುದು ಉತ್ತಮ ಕ್ರಮ. ಔಷಧ ಬದಲಿಸುವಾಗ ಕೆಲಕಾಲ ಎರಡು ಜೊತೆಗಿರಬಹುದು. ಆದರೆ ಎರಡು ಮೂರು ಬಗೆ ವರ್ಷಗಟ್ಟಲೆ ಮುಂದುವರಿದಿದ್ದರೆ, ಅದರ ಕಾರಣವನ್ನು ವೈದ್ಯರಲ್ಲಿ ವಿನಯದಿಂದ ಕೇಳೋಣ. ಎರಡು ಔಷಧಗಳನ್ನು ಒಂದಾದ ಮೇಲೊಂದರಂತೆ ಸರಿಯಾಗಿ ಸೇವಿಸಿಯೂ ಗುಣ ಕಾಣದವರಿಗೆ ಕ್ಲೋಜಪೀನ್ ಇದೆ; ಅದಕ್ಕೆ ನಿಯಮಿತ ರಕ್ತಪರೀಕ್ಷೆ ಅಗತ್ಯ. ಮಾತ್ರೆ ಮರೆಯುವವರಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳೂ ಉಂಟು.

ಚೀಟಿಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಎಂಬ ಹೆಸರಿದ್ದರೆ, ಅದು ಮೂಲ ಕಾಯಿಲೆಗಲ್ಲ. ಔಷಧದಿಂದುಂಟಾಗುವ ನಡುಕ, ಬಿಗಿತಗಳಿಗೆ. ದೀರ್ಘಕಾಲ ಸೇವಿಸಿದರೆ ಮರೆವು, ಮಲಬದ್ಧತೆ ತೋರಬಹುದು. ಅದು ಇನ್ನೂ ಬೇಕೇ ಎಂದು ಆಗಾಗ್ಗೆ ವಿಚಾರಿಸುವುದು ಒಳಿತು. ತೂಕ, ರಕ್ತದ ಸಕ್ಕರೆ, ಕೊಬ್ಬಿನ ಪರೀಕ್ಷೆಗಳನ್ನೂ ಮರೆಯಬಾರದು.

ನಾವು ಮಾಡುವ ದೊಡ್ಡ ತಪ್ಪುಗಳು ಎರಡು. ಮೊದಲನೆಯದು, ಗುಣವಾಯಿತೆಂದು ಮಾತ್ರೆ ನಿಲ್ಲಿಸುವುದು. 2012ರಲ್ಲಿ ಪ್ರಕಟವಾದ, 65 ಅಧ್ಯಯನಗಳ ಸಮೀಕ್ಷೆಯ ಪ್ರಕಾರ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ನೂರಕ್ಕೆ 27 ಮಂದಿಗೆ. ನಿಲ್ಲಿಸಿದವರಲ್ಲಿ 64 ಮಂದಿಗೆ. ಎರಡನೆಯದು, ವೈದ್ಯರನ್ನು ಕಾಣದೆ ಹಳೆಯ ಚೀಟಿಯನ್ನೇ ಅಂಗಡಿಗೆ ತೋರಿಸಿ ವರ್ಷಗಟ್ಟಲೆ ಮಾತ್ರೆ ತರುವುದು. ಪ್ರಮಾಣವನ್ನು ಇಳಿಸಬೇಕಾದರೂ ನಿಲ್ಲಿಸಬೇಕಾದರೂ ವೈದ್ಯರ ಕಣ್ಗಾವಲಿನಲ್ಲಿ, ಹಂತಹಂತವಾಗಿಯೇ ಆಗಬೇಕು.

ಚಿಕಿತ್ಸೆ ದೂರದ ಮಾತಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾಸ್ಪತ್ರೆಯಲ್ಲಿ ಸಲಹೆ ದೊರೆಯುತ್ತದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮುಂದಿನ ಭೇಟಿಗೆ ಹೋಗುವಾಗ ಎಲ್ಲ ಚೀಟಿಗಳನ್ನೂ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಕೊಂಡೊಯ್ಯೋಣ. ರೋಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಮಾತನ್ನೂ ಕೇಳೋಣ. ಸೇವಿಸುವವರು ಅವರು, ಅರಿತು ಸೇವಿಸುವ ಹಕ್ಕೂ ಅವರದೇ.