ಇಂದು ನಮ್ಮ ಕೈಯಲ್ಲಿದೆ



ವಿಭೂತಿ ಬುಧವಾರ ಗುರುಗಳು ನಮ್ಮ ಹಣೆಗೆ ಬೂದಿ ಹಚ್ಚುತ್ತಾರೆ. ಆ ಬೂದಿ ಎಲ್ಲಿಂದ ಬಂತು? ಹಿಂದಿನ ವರ್ಷ ಗರಿಗಳ ಭಾನುವಾರದಂದು ನಾವು ಹಾಡುತ್ತಾ ಹಿಡಿದು ನಡೆದ ಗರಿಗಳನ್ನು ಸುಟ್ಟು ಮಾಡಿದ್ದು ಅದು. ಆಗ ಹಸಿರಾಗಿದ್ದದ್ದು ಈಗ ಒಂದು ಚಿಟಿಕೆ ಬೂದಿ. ನಮ್ಮ ಬಾಳೂ ಹೀಗೇನೇ.

ಮೋಶೆಯ ಪ್ರಾರ್ಥನೆ ಎಂದು ಹೆಸರಾದ 90ನೇ ಕೀರ್ತನೆಯು ಮನುಷ್ಯನ ಆಯುಷ್ಯವನ್ನು ಎಪ್ಪತ್ತು ವರ್ಷ, ಗಟ್ಟಿ ಇದ್ದರೆ ಎಂಬತ್ತು ಎಂದು ಲೆಕ್ಕ ಹಾಕುತ್ತದೆ. ಎಪ್ಪತ್ತು ವರ್ಷ ಅಂದರೆ ಸುಮಾರು 25,500 ದಿನ. ಆದರೆ ನಮಗೆ ಸಿಗೋದು ಒಂದು ಸಲಕ್ಕೆ ಒಂದೇ ದಿನ.

ನಮ್ಮ ಸಂಘಗಳ ಕೆಲಸದಲ್ಲಿ ಕಂಡದ್ದನ್ನು ಹೇಳುತ್ತೇವೆ. ಒಂದೇ ಊರಿನ ಅಕ್ಕ ತಂಗಿ, ಒಂದೇ ಸಂಘದ ಸದಸ್ಯರು. ತೀರಿಹೋದ ತಾಯಿಯ ಓಲೆ ಯಾರಿಗೆ ಸೇರಬೇಕು ಎಂಬ ವಿಚಾರಕ್ಕೆ ಮೂರು ವರ್ಷ ಮಾತು ಬಿಟ್ಟಿದ್ದರು. ವಾರ ವಾರ ಒಂದೇ ಚಾಪೆಯ ಮೇಲೆ ಕುಳಿತು ಉಳಿತಾಯ ಕಟ್ಟುತ್ತಿದ್ದರು, ಮುಖ ಮಾತ್ರ ನೋಡುತ್ತಿರಲಿಲ್ಲ. "ಈ ಸಲ ಕ್ರಿಸ್‌ಮಸ್‌ಗೆ ನಾನೇ ಹೋಗಿ ಮಾತಾಡಿಸ್ತೀನಿ ಬಿಡಿ" ಎಂದು ತಂಗಿ ನಮ್ಮ ಕಾರ್ಯಕರ್ತೆಗೆ ಹೇಳಿದ್ದರು. ಹಬ್ಬಕ್ಕೆ ಹದಿನೈದು ದಿನ ಇರುವಾಗ ಅಕ್ಕ ತೀರಿಕೊಂಡರು. "ಹೋದ ವಾರವೇ ಬಂದಿದ್ರೆ ಆಗ್ತಿತ್ತಲ್ಲಾ ಅಕ್ಕಾ" ಎಂದು ಸಮಾಧಿಯ ಬಳಿ ತಂಗಿ ಅತ್ತದ್ದು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಲೂಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಬ್ಬ ಸಿರಿವಂತನ ಸಾಮತಿ ಹೇಳುತ್ತಾರೆ. ಒಳ್ಳೇ ಬೆಳೆ ಬಂತು. ಇದ್ದ ಕಣಜ ಕೆಡವಿ ದೊಡ್ಡದು ಕಟ್ಟಬೇಕು, ಆಮೇಲೆ ಸುಖವಾಗಿರಬೇಕು ಎಂದುಕೊಂಡ. ಅವನಿಗಿದ್ದದ್ದು ಆ ಒಂದು ರಾತ್ರಿ ಮಾತ್ರ. ಕೂಡಿಡುವುದು ತಪ್ಪೇ? ಉಳಿತಾಯ ಮಾಡಿ ಅಂತ ನಾವೇ ನಿಮಗೆ ಹೇಳುತ್ತೇವಲ್ಲ! ಅವನ ಲೆಕ್ಕದಲ್ಲಿ ದೇವರೂ ಇರಲಿಲ್ಲ, ನೆರೆಯವನೂ ಇರಲಿಲ್ಲ. ತಪ್ಪಿದ್ದು ಅಲ್ಲಿ.

ಒಂದೊಂದು ದಿನವನ್ನೂ ಹೇಗೆ ಬಾಳಬೇಕೆಂದು ವಿಯೆಟ್ನಾಮಿನ ಮಹಾಧರ್ಮಾಧ್ಯಕ್ಷ ಫ್ರಾನ್ಸಿಸ್ ಝೇವಿಯರ್ ನುಯೆನ್ ವಾನ್ ತುವಾನ್ ನಮಗೆ ತೋರಿಸಿದ್ದಾರೆ. 1975ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನವೇ, ಅಲ್ಲಿನ ಸರ್ಕಾರ ಅವರನ್ನು ಬಂಧಿಸಿತು. 13 ವರ್ಷ ಸೆರೆವಾಸ, ಅದರಲ್ಲಿ 9 ವರ್ಷ ಒಬ್ಬಂಟಿ ಕೋಣೆ. ಬಿಡುಗಡೆಗಾಗಿ ಕಾಯುತ್ತಾ ಕೂರುವುದಿಲ್ಲ, ಈಗಿನ ಗಳಿಗೆಯನ್ನು ಪ್ರೀತಿಯಿಂದ ತುಂಬುತ್ತೇನೆ ಎಂದು ಅವರು ತೀರ್ಮಾನ ಮಾಡಿದರು. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ತಮ್ಮ ಜನರಿಗೆ ಧೈರ್ಯದ ಮಾತು ಬರೆದು ಗುಟ್ಟಾಗಿ ಕಳಿಸಿದರು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಇಟ್ಟುಕೊಂಡು ಬಲಿಪೂಜೆ ಅರ್ಪಿಸಿದರು. ಕಾವಲುಗಾರರನ್ನೂ ಗೆಳೆಯರನ್ನಾಗಿ ಮಾಡಿಕೊಂಡರು. 1988ರಲ್ಲಿ ಬಿಡುಗಡೆಯಾಗಿ, 2001ರಲ್ಲಿ ಕಾರ್ಡಿನಲ್ ಆಗಿ, 2002ರಲ್ಲಿ ರೋಮಿನಲ್ಲಿ ಪ್ರಭುವಿನ ಪಾದ ಸೇರಿದರು. ಬಾಗಿಲು ಮುಚ್ಚಿದ ಕೋಣೆಯಲ್ಲೇ ಅವರು ಇಷ್ಟು ಮಾಡಿದರೆ, ಬಾಗಿಲು ತೆರೆದಿರುವ ನಾವು?

ದೊಡ್ಡದೇನೂ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಈ ದಿನಕ್ಕಾಗಿ ದೇವರಿಗೆ ವಂದನೆ ಹೇಳೋಣ. ರಾತ್ರಿ ಮಲಗುವ ಮುಂಚೆ ಐದು ನಿಮಿಷ ಆತ್ಮಶೋಧನೆ ಮಾಡೋಣ: ಇವತ್ತು ಯಾರಿಗೆ ನೋವು ಕೊಟ್ಟೆ, ಯಾರಿಗೆ ನೆರವಾದೆ? ಬಿಟ್ಟ ಮಾತನ್ನು ಇಂದೇ ಆಡೋಣ. ಹಾಸಿಗೆ ಹಿಡಿದ ನೆರೆಯವರನ್ನು ಈ ವಾರವೇ ನೋಡಿ ಬರೋಣ. ಕೊಟ್ಟ, ತಂದ ಕೈಸಾಲ ಮನೆಯವರಿಗೆ ಗೊತ್ತಿರಲಿ. ಬ್ಯಾಂಕ್ ಖಾತೆಗೆ ನಾಮಿನಿ ಹೆಸರು ಕೊಟ್ಟಿದ್ದೀರಾ, ವಿಚಾರಿಸಿ. ನಮ್ಮ ನಂತರ ಮಕ್ಕಳು ಅಲೆಯದ ಹಾಗೆ ನೋಡಿಕೊಳ್ಳುವುದೂ ಪ್ರೀತಿಯ ಕೆಲಸವೇ.

ಪುನರುತ್ಥಾನದಲ್ಲಿ ವಿಶ್ವಾಸ ಇಟ್ಟ ನಮಗೆ ಸಾವು ಕೊನೆಯಲ್ಲ, ನಿಜ. ಹಾಗಂತ ಇಂದಿನ ಪ್ರೀತಿಯನ್ನು ನಾಳೆಗೆ ಇಡುವುದು ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಿ:

1. "ನಾಳೆ ಮಾಡೋಣ" ಎಂದು ನಾವು ಬಹಳ ದಿನದಿಂದ ಮುಂದೂಡಿದ ಒಳ್ಳೇ ಕೆಲಸ ಯಾವುದು?
2. ಸಿರಿವಂತನು ತನ್ನ ಬೆಳೆಯನ್ನು ಬೇರೆ ಹೇಗೆ ಬಳಸಬಹುದಿತ್ತು?
3. ಮುಂದಿನ ಸಭೆಯೊಳಗೆ ನಾವು ಯಾರ ಮನೆ ಬಾಗಿಲಿಗೆ ಹೋಗಬೇಕು?